ಬೇಡವೆನ್ನುವವಳ ಕುರ್ಚಿ

ತಾನು ಒಂದು ಗುರುವಾರ ಹೋಗದಿದ್ದರೆ ವಿಶಾಖಪಟ್ಟಣದಲ್ಲಿ ಒಂದು ಶಾಲೆಯ ಗೇಟೇ ತೆರೆಯುವುದಿಲ್ಲ ಎಂದು ತುಳಸಮ್ಮ ವಿಜಯವಾಡದ ಮಗಳು ಉಷಶ್ರೀಗೆ ಫೋನಿನಲ್ಲಿ ಹೇಳಿದ್ದಳು. ಹೇಳಿ ಮುಗಿಸಿ, ಇದರಲ್ಲಿ ಅರ್ಧ ಸುಳ್ಳು ಕಣೆ ಎಂದು ತಾನೇ ಒಪ್ಪಿಕೊಂಡಿದ್ದಳು. ಗೇಟು ತೆರೆಯುತ್ತದೆ, ಹುಡುಗರು ಒಳಗೆ ಹೋಗುತ್ತಾರೆ, ಗಂಟೆಯೂ ಹೊಡೆಯುತ್ತದೆ. ಒಂಬತ್ತನೇ ಕ್ಲಾಸಿನ ಪಾಠ ಮಾತ್ರ ನಡೆಯುವುದಿಲ್ಲ. ಉಳಿದ ಈ ಅರ್ಧವೂ ಪೂರ್ತಿ ನಿಜವಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಒಂದೇ ಫೋನಿನಲ್ಲಿ ಎಷ್ಟು ಅಂತ ಒಪ್ಪಿಕೊಳ್ಳುವುದು? ಒಪ್ಪಿಕೊಂಡ ಹಗುರದಲ್ಲೇ ಮಾತು ಮತ್ತೆ ಓಟ ಕಿತ್ತು, ಶಾಲೆಯವರು ತನ್ನನ್ನು ಬಸ್ಸಿನಲ್ಲಿ ವಿಜಯವಾಡಕ್ಕೂ ಕರೆದುಕೊಂಡು ಬರುತ್ತಾರೆ, ಅಲ್ಲಿರುವ ಅವರದೇ ಇನ್ನೊಂದು ಶಾಲೆಯ ವೇದಿಕೆಯ ಮೇಲೆ ಕೂರಿಸುತ್ತಾರೆ, ನೀನು ಅಳಿಯಂದಿರನ್ನೂ ನಿಮ್ಮತ್ತೆಯನ್ನೂ ಕರೆದುಕೊಂಡು ಮುಂದಿನ ಸಾಲಿನಲ್ಲಿ ಬಂದು ಕೂತುಕೋ ಎಂದೂ ಹೇಳಿಸಿಬಿಟ್ಟಿತ್ತು. ಈಗ ಗುರುವಾರ ಬೆಳಗ್ಗೆ, ಹಜಾರದಲ್ಲಿ ಕಾಲು ಚಾಚಿ ಕೂತು ಗೋಂಗೂರ ಸೊಪ್ಪು ಬಿಡಿಸುತ್ತಿದ್ದಾಗ, ಆ ಮುಂದಿನ ಸಾಲು ಅವಳ ಕಣ್ಣಿಗೆ ಕಟ್ಟುತ್ತಿತ್ತು. ಬೀಗಿತ್ತಿ ರೇಷ್ಮೆ ಸೀರೆ ಉಟ್ಟು ಬಂದಿದ್ದಾಳೆ. ವೇದಿಕೆಯ ಮೇಲೆ ಕುರ್ಚಿ ಇದೆ. ಕುರ್ಚಿಯಲ್ಲಿ ಕೂತಿರುವವಳು ಎದುರು ಮನೆಯ ಕೋಟೇಶ್ವರಮ್ಮ.

ಬಸ್ಸು ಹೊರಡುವುದು ನಾಳೆ ಬೆಳಗ್ಗೆ. ಅದರಲ್ಲಿ ಮಕ್ಕಳನ್ನೂ ಟೀಚರುಗಳನ್ನೂ ಬಿಟ್ಟರೆ ದೊಡ್ಡವರಿಗೆ ಉಳಿದದ್ದು ಒಂದೇ ಸೀಟು, ಅದು ಕೋಟೇಶ್ವರಮ್ಮನದು. ತುಳಸಮ್ಮನಿಂದ ಅದನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಅವಳೇ ತನ್ನ ಬಾಯಾರೆ ಬೇಡ ಎಂದಿದ್ದಳು. ಸೊಪ್ಪಿನ ದಂಟನ್ನು ಎಲೆಯ ಕಡೆಗೂ ಎಲೆಯನ್ನು ದಂಟಿನ ಕಡೆಗೂ ಹಾಕುತ್ತಿದ್ದುದನ್ನು ನೋಡಿ ಸೊಸೆ ವಿಜಯಲಕ್ಷ್ಮೀ ಏನೂ ಅನ್ನದೆ ತಟ್ಟೆಯನ್ನು ತಿರುಗಿಸಿ ಇಟ್ಟು ಹೋದಳು. ಆ ಏನೂ ಅನ್ನದಿರುವುದು ತುಳಸಮ್ಮನಿಗೆ ಎರಡು ಮಾತು ಅಂದದ್ದಕ್ಕಿಂತ ಹೆಚ್ಚಾಗಿ ಚುಚ್ಚಿತು. ಈ ಮನೆಯಲ್ಲಿ ಈಚೆಗೆ ಅವಳೊಂದಿಗೆ ಯಾರೂ ವಾದಿಸುವುದಿಲ್ಲ. ಮಗ ಉಮಾಪತಿ ಹೂಂ ಎನ್ನುತ್ತಾನೆ, ಸೊಸೆ ತಿರುಗಿಸಿ ಇಡುತ್ತಾಳೆ. ಸೊಪ್ಪಿಗೆ ಉಪ್ಪು ಹೆಚ್ಚಾಯಿತೆಂದರೆ ಹೂಂ, ಕಡಿಮೆಯಾಯಿತೆಂದರೂ ಹೂಂ. ಸಿಂಹಾಚಲ ಬೆಟ್ಟದ ದೇವರು ನಿನ್ನೆ ತನ್ನ ಕನಸಿನಲ್ಲಿ ಬಂದು ಕಾಫಿ ಕೇಳಿದ ಎಂದು ಒಂದು ಸಲ ಪರೀಕ್ಷೆಗೆಂದೇ ಹೇಳಿ ನೋಡಿದ್ದಳು. ಅದಕ್ಕೂ ಹೂಂ.

ಹರ್ಷಿತಾ ಹೂಂ ಎನ್ನುವವಳಲ್ಲ. ಮೇಲಿನ ಪೋರ್ಷನ್ನಿನಲ್ಲಿ ಬಾಡಿಗೆಗಿರುವ ದಾವಣಗೆರೆಯ ಹುಡುಗಿ, ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಕಲಿಸಬೇಕು, ಅದೂ ಓದಿದವರು ಒಪ್ಪಿ ತಲೆದೂಗುವಂಥ ಪ್ರಬಂಧ. ಮಕ್ಕಳು ಬರೆದದ್ದೆಲ್ಲ ಇಂದಿನ ಆಧುನಿಕ ಯುಗದಲ್ಲಿ ಎಂದು ಶುರುವಾಗಿ ನಾವೆಲ್ಲರೂ ಕೈಜೋಡಿಸೋಣ ಎಂದು ಮುಗಿಯುತ್ತಿತ್ತಂತೆ. ನಡುವೆ ಪ್ಲಾಸ್ಟಿಕ್ ಇದ್ದರೂ ಅಷ್ಟೇ, ಮೊಬೈಲ್ ಇದ್ದರೂ ಅಷ್ಟೇ. ಗಾಳಿಗೆ ಬರೆಯುತ್ತಾರೆ ಅಜ್ಜಿ, ಎದುರಿಗೆ ಒಬ್ಬ ಮನುಷ್ಯ ಕೂತು ಆಗಲ್ಲ ಹೋಗು ಅಂದರೆ ಏನು ಮಾಡಬೇಕು ಅಂತ ಅವಕ್ಕೆ ಗೊತ್ತೇ ಇಲ್ಲ, ಎಂದು ಮೆಟ್ಟಿಲ ಮೇಲೆ ಕೂತು ಹೇಳಿಕೊಂಡಿದ್ದಳು. ಹೇಳುತ್ತಿದ್ದಾಗಲೇ ಬೀದಿಯಲ್ಲಿ ಬಾಳೆಹಣ್ಣಿನ ಗಾಡಿ ಬಂದು, ತುಳಸಮ್ಮ ಅವನಿಗೆ ಆಗಲ್ಲ ಹೋಗು ಎಂದು, ಅವನು ಹೋಗಿ, ಮತ್ತೆ ಬಂದು, ಮತ್ತೆ ಹೋಗಿ, ಕೊನೆಗೆ ಅವಳ ದರಕ್ಕೇ ಕೊಟ್ಟುಹೋದ. ಹರ್ಷಿತಾ ಅವಳನ್ನೇ ನೋಡುತ್ತಾ ಕೂತಳು. ಮಾರನೆಯ ದಿನ ಬಂದು, ಕ್ಲಾಸಿಗೆ ಬಂದು ಕೂತುಕೊಳ್ಳುತ್ತೀರಾ, ಬೇಡ ಅನ್ನುವುದಷ್ಟೇ ಕೆಲಸ ಎಂದು ಕೇಳಿದಳು. ತುಳಸಮ್ಮ ನನ್ನಂಥ ಗೊಡ್ಡು ಮುದುಕಿ ಅಲ್ಲಿ ಯಾಕವ್ವ ಅಂದಳು. ಆಗ ಒಳಗಿನಿಂದ ವಿಜಯಲಕ್ಷ್ಮೀ, ಇನ್ನೊಂದು ಸಲ ಕೇಳಿ ಮೇಡಂ, ಬರುತ್ತಾರೆ, ಎಂದು ಕೂಗಿದ್ದಳು. ಆ ದಿನ ಸೊಸೆ ಒಳಗಿದ್ದಳು. ವಿಜಯವಾಡದ ಮಾತು ಬಂದ ದಿನ ಅವಳು ಗ್ಯಾಸಿನವನ ಹಿಂದೆ ಬೀದಿಯ ಕೊನೆಗೆ ಹೋಗಿದ್ದಳು. ಮನುಷ್ಯನ ಹಣೆಬರಹ ಎಂಥೆಂಥವರ ಹಿಂದೆ ಹೋಗಿಬಿಡುತ್ತದೆ ಎಂದು ತುಳಸಮ್ಮ ದಂಟು ಮುರಿದಳು.

ಕುರ್ಚಿ ಎಂದರೆ ಅದೇನು ಸಿಂಹಾಸನವಲ್ಲ. ಒಂದು ಕೈ ಮುರಿದ ನೀಲಿ ಪ್ಲಾಸ್ಟಿಕ್ ಕುರ್ಚಿ. ಎಡಕ್ಕೆ ಒರಗಿದರೆ ತುಳಸಮ್ಮ ಬೀಳುವಂತಿತ್ತು. ಹರ್ಷಿತಾ ಬೋರ್ಡಿನ ಮೇಲೆ ಚೌಕಾಬಾರದ ಹಾಗೆ ನಾಲ್ಕು ಮನೆ ಬರೆಯುತ್ತಿದ್ದಳು. ಒಂದು, ನನಗೇನು ಬೇಕು. ಪಕ್ಕದ್ದು, ಯಾಕೆ ಬೇಕು. ಅದರ ಕೆಳಗೆ, ಕೇಳುವವರು ಏನು ಅಡ್ಡ ಹೇಳುತ್ತಾರೆ. ಕೊನೆಯದು, ಅದಕ್ಕೆ ನನ್ನ ಉತ್ತರ. ಮಕ್ಕಳು ಮೊದಲು ಆ ಮನೆಗಳನ್ನು ತುಂಬಿ, ತುಳಸಮ್ಮನ ಎದುರು ನಿಂತು ತೆಲುಗಿನಲ್ಲಿ ಹೇಳಿ, ಅವಳಿಂದ ಬೇಡ ಅನ್ನಿಸಿಕೊಂಡು, ಮತ್ತೆ ಯೋಚಿಸಿ, ಆಮೇಲೆ ಬೆಂಚಿಗೆ ಹೋಗಿ ಇಂಗ್ಲಿಷಿನಲ್ಲಿ ಬರೆಯಬೇಕು. ಅಜ್ಜಿ ಎನ್ನುವುದನ್ನು ತೆಲುಗಿನಲ್ಲಿ ಬಾಮ್ಮಗಾರು, ಬಾಮ್ಮಗಾರು ಎಂದು ಕರೆಯುತ್ತಾ ಮುತ್ತುತ್ತಿದ್ದರು. ಅವಳು ಮೂರನೇ ಕ್ಲಾಸಿಗೆ ಓದು ಬಿಟ್ಟವಳು. ಕೇಳಿದವರಿಗೆ ಒಮ್ಮೆ ಐದನೆಯದೆಂದೂ ಒಮ್ಮೆ ಏಳನೆಯದೆಂದೂ ಹೇಳುತ್ತಾ, ವಯಸ್ಸಾದಂತೆ ಅವಳ ಓದೂ ಬೆಳೆಯುತ್ತಾ ಬಂದಿತ್ತು. ಆದರೆ ಆ ಕುರ್ಚಿಯಲ್ಲಿ ಕೂತಾಗ ಓದಿನ ಮಾತೇ ಬರುತ್ತಿರಲಿಲ್ಲ. ಇಡೀ ಕ್ಲಾಸು ಅವಳ ಬಾಯಿಯನ್ನೇ ನೋಡುತ್ತಾ, ಅದು ತೆರೆಯಲಿ ಎಂದು ಉಸಿರು ಹಿಡಿದು ಕಾಯುತ್ತಿತ್ತು. ಅವಳು ಸುಮ್ಮನೆ ಆಕಳಿಸಿದರೂ ಹಿಂದಿನ ಬೆಂಚು ಮುಂದಕ್ಕೆ ವಾಲುತ್ತಿತ್ತು.

ಆ ವೈಭವ ಬಹಳ ದಿನ ಬಾಳಲಿಲ್ಲ. ಯಶ್ವಂತ್ ಎಂಬ ಕಿಲಾಡಿ ಕಂಡುಹಿಡಿದುಬಿಟ್ಟಿದ್ದ. ಮನೆ ಗಿನೆ ತುಂಬುವುದು ಬೇಡ, ಬಾಮ್ಮಗಾರು ಬೇಡ ಅಂದಾಗ ಮುಖ ಸಣ್ಣಗೆ ಮಾಡಿಕೊಂಡು ಹಾಗೇ ನಿಂತಿದ್ದು, ಇನ್ನೊಂದು ಸಲ ಕೇಳಿ, ಮತ್ತೊಂದು ಸಲ ಕೇಳಿದರೆ ಸಾಕು, ಹೂಂ ಅನ್ನುತ್ತಾರೆ ಎಂದು ಎಲ್ಲರಿಗೂ ಹೇಳಿಕೊಟ್ಟಿದ್ದ. ಶಾಲೆಗೆ ಫೋನ್ ತರಬಹುದು ಎಂಬುದಕ್ಕೆ ಅವಳು ಒಪ್ಪಿದಳು. ತರಬಾರದು ಎಂಬುದಕ್ಕೂ ಅದೇ ದಿನ ಒಪ್ಪಿದಳು. ಹರ್ಷಿತಾಳಿಗೆ ಅದು ತಿಳಿದು, ಮೆಟ್ಟಿಲ ಮೇಲೆ ಕೂರಿಸಿಕೊಂಡು ಮೆತ್ತಗೆ ಹೇಳಿದ್ದಳು: ಅಜ್ಜಿ, ಮುಖ ನೋಡಿ ಒಪ್ಪಬಾರದು, ಕಾರಣ ನೋಡಿ ಒಪ್ಪಬೇಕು. ಮೆತ್ತಗೆ ಹೇಳಿದ್ದರಿಂದಲೇ ತುಳಸಮ್ಮನ ಕಿವಿ ಬಿಸಿಯಾಯಿತು. ಹುಟ್ಟಿದಾಗಿನಿಂದ ಅವಳು ಕಂಡ ಲೋಕದಲ್ಲಿ ಬೇಡ ಎಂಬುದು ಉತ್ತರವೇ ಅಲ್ಲ, ಅದು ಬಾಗಿಲ ಹೊರಗೆ ಚಪ್ಪಲಿ ಬಿಡುವ ಹಾಗೆ. ಅವಳ ತವರು ಚಳ್ಳಕೆರೆಯ ಕಡೆ ಯಾರ ಮನೆಗೆ ಹೋದರೂ ಈಗ ತಾನೇ ಉಂಡು ಬಂದೆ ಅನ್ನಬೇಕು, ಅವರು ಕೈ ಹಿಡಿದು ಎಳೆಯಬೇಕು, ಮತ್ತೆ ಬೇಡ ಅನ್ನಬೇಕು, ಅವರು ಆಣೆ ಹಾಕಬೇಕು, ಆಮೇಲೆ ಮೂರು ಮುದ್ದೆ ಉಣ್ಣಬೇಕು. ಮದುವೆಯಾಗಿ ಈ ಸೀಮೆಗೆ ಬಂದಾಗ ಭಾಷೆ ಬೇರೆ, ಹುಳಿ ಬೇರೆ, ಆದರೆ ಈ ಒಂದು ವಿಷಯ ಅದೇ ಎಂದು ಸಮಾಧಾನವಾಗಿತ್ತು. ಇವರು ಅದನ್ನು ಮೊಹಮಾಟಂ ಎನ್ನುತ್ತಾರೆ. ಗಂಡ ಕಾಮೇಶ್ವರ ಬಂದರಿನಲ್ಲಿ ಕೆಲಸಕ್ಕಿದ್ದವನು, ಹೊಸದರಲ್ಲಿ ಭೀಮುನಿಪಟ್ಟಣದ ದಂಡೆಗೆ ಕರೆದುಕೊಂಡು ಹೋಗಿ ಮಂಡಕ್ಕಿಯ ಮುರಿ ಮಿಕ್ಸ್ಚರ್ ತಿನ್ನುತ್ತೀಯಾ ಎಂದ. ಬೇಡ ಅಂದಳು. ಅವನು ಮತ್ತೆ ಕೇಳಲಿಲ್ಲ, ಎರಡು ಪೊಟ್ಟಣ ತಂದ. ನಿನ್ನ ಬೇಡಕ್ಕೆ ಅಳತೆ ಐತೆ, ಇದು ಸಣ್ಣ ಬೇಡ, ಅಂದ. ಬದುಕಿರುವ ತನಕ ಅಳೆದ. ಅವನು ಹೋದ ಮೇಲೆ ಅಳೆಯುವವರಿಲ್ಲದೆ ಅವಳ ಬೇಡಗಳೆಲ್ಲ ಒಂದೇ ಸೈಜಿನವಾಗಿ ಬಿದ್ದಿದ್ದವು.

ಹರ್ಷಿತಾ ಹೇಳಿದ ಮೇಲೆ ತುಳಸಮ್ಮ ಕಲ್ಲಾದಳು. ಅವಳದೆಲ್ಲ ಹಾಗೇ, ಆದರೆ ಬೆಣ್ಣೆ, ಇಲ್ಲವಾದರೆ ಬಂಡೆ. ಆ ವಾರ ಎದ್ದು ನಿಂತವಳು ಸಾಯಿಪ್ರಿಯಾ, ಮಾತು ಕಡಿಮೆಯ ಹುಡುಗಿ. ಆಟದ ಪೀರಿಯಡ್ಡಿನಲ್ಲಿ ಮೈದಾನವನ್ನೆಲ್ಲ ಹುಡುಗರ ಕ್ರಿಕೆಟ್ಟೇ ತಿನ್ನುತ್ತದೆ, ನಮಗೂ ಅರ್ಧ ಬೇಕು ಎಂದಳು. ನಾವು ಗೋಡೆಯ ಪಕ್ಕ ನಿಂತು ಅವರ ಬಾಲು ಎತ್ತಿಕೊಡುತ್ತೇವೆ, ನಿಂತಿರುವುದನ್ನೇ ಆಟ ಎಂದು ಮಾರ್ಕು ಹಾಕುತ್ತಾರೆ, ಎಂದಳು. ಅಲ್ಲಿಗೇ ತುಳಸಮ್ಮನ ಕಥೆ ಮುಗಿದಿತ್ತು. ಆ ಗೋಡೆ, ಆ ನೆರಳು, ಬಾಲು ಕೊಟ್ಟಾಗ ಥ್ಯಾಂಕ್ಸ್ ಕೂಡ ಅನ್ನದೆ ಓಡುವ ಬೆನ್ನು, ಎಲ್ಲವೂ ಅವಳಿಗೆ ಕಾಣಿಸಿತು. ಎದ್ದು ಆ ಹುಡುಗಿಯ ದೃಷ್ಟಿ ತೆಗೆದು ನೆಟಿಗೆ ಮುರಿಯಬೇಕೆನ್ನಿಸಿತು. ಆದರೆ ಯಶ್ವಂತ್ ಮೂಲೆಯಲ್ಲಿ ಕೂತು ನಗುತ್ತಿದ್ದ, ನೋಡುತ್ತಿರು ಈಗ ಕರಗುತ್ತಾರೆ ಎಂಬಂತೆ. ಕುರ್ಚಿ ಹೋದೀತೆಂದು ತುಳಸಮ್ಮ ಬೇಡ ಎಂದಳು. ಸಾಯಿಪ್ರಿಯಾ ಇನ್ನೊಂದು ಕಾರಣ ಕೊಟ್ಟಳು, ಅದು ಮೊದಲಿನದಕ್ಕಿಂತ ಚೆನ್ನಾಗಿತ್ತು. ಬೇಡ. ಹುಡುಗಿ ಬೋರ್ಡಿನ ಮೇಲೆ ತಾನು ತುಂಬಿದ್ದ ಮನೆಗಳನ್ನು ಅಂಗೈಯಲ್ಲೇ ಒರೆಸಿ, ಕೈಯನ್ನು ಲಂಗಕ್ಕೆ ಉಜ್ಜಿಕೊಂಡು ಹೋಗಿ ಕೂತಳು. ಹರ್ಷಿತಾ ಬೆರಗಾಗಿ, ನೋಡಿದಿರಾ, ಬಾಮ್ಮಗಾರು ಬೇಡ ಅಂದರೆ ಬೇಡ, ಇನ್ನು ಮೇಲೆ ಆ ಮಾತಿಗೆ ಎಲ್ಲರೂ ಬೆಲೆ ಕೊಡಬೇಕು, ಎಂದು ಮಕ್ಕಳಿಗೆ ಹೇಳಿದಳು. ಸೀಮೆಸುಣ್ಣದ ಬಿಳುಪು ಹತ್ತಿದ ಆ ಲಂಗವನ್ನು ನೋಡುತ್ತಾ ತುಳಸಮ್ಮ ಹೊಗಳಿಕೆಯನ್ನು ನುಂಗಿದಳು. ರುಚಿ ಹತ್ತಲಿಲ್ಲ ಎಂದರೆ ಸುಳ್ಳಾದೀತು, ಸ್ವಲ್ಪ ಹತ್ತಿತು.

ಅದೇ ಸಂಜೆ ಹರ್ಷಿತಾ ಮೆಟ್ಟಿಲಿಳಿದು ಬಂದು, ವಿಜಯವಾಡದ ಶಾಲೆಯ ಟೀಚರುಗಳಿಗೆ ನಮ್ಮ ಕ್ಲಾಸು ತೋರಿಸಬೇಕಂತೆ, ನೀವು ಬರುತ್ತೀರಾ ಅಜ್ಜಿ, ಎಂದು ಕೇಳಿದಳು. ತುಳಸಮ್ಮನ ಎದೆ ಬಾಣಲೆಯ ಸಾಸಿವೆಯಂತೆ ಸಿಡಿಯಿತು. ಬಾಯಿ ಮಾತ್ರ ತನ್ನ ಹಳೆಯ ದಾರಿಯಲ್ಲೇ ನಡೆಯಿತು.

“ನಾನ್ಯಾಕವ್ವ ಅಷ್ಟು ದೂರ. ಬ್ಯಾಡ ಬಿಡು.”

“ಸರಿ ಅಜ್ಜಿ. ನಿಮಗೆ ಬಲವಂತ ಮಾಡಲ್ಲ,” ಎಂದು ಹರ್ಷಿತಾ ಗೌರವದಿಂದ ತಲೆಯಾಡಿಸಿ ಮೇಲಕ್ಕೆ ಹೋದಳು. ಆ ಗೌರವಕ್ಕೆ ಬೆಂಕಿ ಬೀಳಲಿ. ತುಳಸಮ್ಮ ಕೆಳಗಿನ ಮೆಟ್ಟಿಲ ಹತ್ತಿರ ಸೊಳ್ಳೆ ಹೊಡೆದುಕೊಳ್ಳುತ್ತಾ ನಿಂತಳು, ಏನೋ ಮರೆತವಳಂತೆ ಇನ್ನೊಮ್ಮೆ ಇಳಿದು ಬರುತ್ತಾಳೆಂದು. ಮೇಲೆ ಕುಕ್ಕರ್ ಕೂಗಿತು. ನಾಳೆಯಾದರೂ ಇನ್ನೊಮ್ಮೆ ಕೇಳಿಯೇ ಕೇಳುತ್ತಾಳೆಂಬ ಧೈರ್ಯದಲ್ಲೇ ಅವಳು ಆ ರಾತ್ರಿ ಉಷಶ್ರೀಗೆ ಫೋನ್ ಮಾಡಿದ್ದು. ತೆಲುಗಿನವಳಾಗಿದ್ದರೆ ಬಿಡು ಅನ್ನಬಹುದಿತ್ತು, ಅವರಾದರೂ ಇನ್ನೆರಡು ಸಲ ಕೇಳಿರುತ್ತಿದ್ದರು. ಇವಳು ನಮ್ಮ ದಾವಣಗೆರೆಯವಳು, ಬೆಣ್ಣೆದೋಸೆಯ ಊರಿನವಳು. ಮಾರನೆಯ ದಿನವೇ ಕೋಟೇಶ್ವರಮ್ಮನನ್ನು ಕೇಳಿದ್ದಾಯಿತು, ಅವಳು ಒಂದೇ ಮಾತಿಗೆ ವಸ್ತಾನಮ್ಮಾ ಎಂದದ್ದಾಯಿತು. ಎಂಥ ಕಾಲ ಬಂತು, ಹೆಂಗಸರು ಕೇಳಿದ ಕೂಡಲೇ ಬರುತ್ತೇನೆ ಅನ್ನುತ್ತಾರೆ ಎಂದು ತುಳಸಮ್ಮ ಸೊಸೆಗೆ ಹೇಳಿದಳು. ಸೊಸೆ ಹೂಂ ಎಂದಳು.

ಸೊಪ್ಪು ಮುಗಿದಿತ್ತು. ಖಾಲಿ ತಟ್ಟೆಯ ಮುಂದೆ ಕೂತು ತುಳಸಮ್ಮ ನೆಲದ ಮೇಲೆ ಬೆರಳಿನಿಂದ ನಾಲ್ಕು ಮನೆ ಕೊರೆದಳು. ನನಗೇನು ಬೇಕು. ವಿಜಯವಾಡಕ್ಕೆ ಹೋಗಬೇಕು. ಅಷ್ಟನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವುದಕ್ಕೇ ಬೆವರಿತು. ಬೇಕು ಎಂಬ ಪದವನ್ನು ಅವಳು ಅಂಗಡಿಯವನಿಗಲ್ಲದೆ ಇನ್ನಾರಿಗೂ ಹೇಳಿದವಳಲ್ಲ. ಯಾಕೆ ಬೇಕು ಎಂಬ ಮನೆಯಲ್ಲಿ ಮೊದಲು ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟದ ದುರ್ಗಮ್ಮನನ್ನು ಕೂರಿಸಿದಳು. ದೇವರ ಹೆಸರು ಹೇಳಿದರೆ ಯಾರು ಅಡ್ಡ ಬಂದಾರು? ಪಕ್ಕದಲ್ಲಿ ಮಗಳನ್ನು ಕೂರಿಸಿದಳು. ಆಮೇಲೆ, ನಾನಿಲ್ಲದಿದ್ದರೆ ಮಕ್ಕಳು ಹೆದರಿ ಬಿಕ್ಕುತ್ತವೆ ಎಂಬುದನ್ನೂ ಸೇರಿಸಿದಳು. ಮನೆ ಭರ್ತಿಯಾಯಿತು. ಆದರೆ ಕುರ್ಚಿಯಲ್ಲಿ ಕೂತೂ ಕೂತೂ ಒಂದು ಕೆಟ್ಟ ಅಭ್ಯಾಸ ಹತ್ತಿತ್ತು: ತಾನು ಹೇಳಿದ್ದಕ್ಕೂ ತನ್ನ ಬಾಯಲ್ಲೇ ಬೇಡ ಬರುತ್ತಿತ್ತು. ದುರ್ಗಮ್ಮನಾ, ಗಂಡ ಹೋದ ಮೇಲೆ ಒಂದು ಸಲವಾದರೂ ಮೆಟ್ಟಿಲು ಹತ್ತಿದ್ದೀಯಾ? ಮಗಳಾ, ಅವಳು ಬಾ ಅಂದಾಗಲೆಲ್ಲ ಬಸ್ಸಿನ ವಾಸನೆ ಆಗುವುದಿಲ್ಲ ಅಂದವಳು ಯಾರು? ಮಕ್ಕಳು ಬಿಕ್ಕುತ್ತವಾ, ಯಶ್ವಂತ್ ಬಿಕ್ಕುತ್ತಾನಾ? ಒಂದೊಂದನ್ನೇ ಅಂಗೈಯಲ್ಲಿ ಒರೆಸಿದಳು. ಒರೆಸಿದ ಮೇಲೆ ಉಳಿದದ್ದು ಒಂದೇ, ಅದನ್ನು ನೋಡಿ ಅವಳಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ಈ ವಯಸ್ಸಿನಲ್ಲಿ ಇಂಥ ಆಸೆ ಇಟ್ಟುಕೊಂಡವಳೆಂದು ಗೊತ್ತಾದರೆ ಸೊಸೆ ಏನೂ ಅನ್ನದೆ ತನ್ನನ್ನೇ ತಿರುಗಿಸಿ ಇಟ್ಟುಬಿಡುತ್ತಾಳೆ.

ಮಧ್ಯಾಹ್ನ ಕ್ಲಾಸಿಗೆ ಹೋದವಳು ಕುರ್ಚಿಯಲ್ಲಿ ಕೂರಲಿಲ್ಲ. ಬೋರ್ಡಿನ ಮುಂದೆ ನಿಂತು, ಇವತ್ತು ನಾನು ಕೇಳುತ್ತೇನೆ, ಬೇಡ ಅನ್ನುವುದು ನಿಮ್ಮ ಸರದಿ ಎಂದಳು. ಮಕ್ಕಳಿಗೆ ಹಬ್ಬವಾಯಿತು. ಯಶ್ವಂತ್ ಓಡಿಬಂದು ನೀಲಿ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ವಿಜಯವಾಡಕ್ಕೆ ನಾನೂ ಬರಬೇಕು ಎಂದು ತುಳಸಮ್ಮ ಶುರುಮಾಡಿದಳು. ಬೆಳಗ್ಗೆ ಒರೆಸಿಹಾಕಿದ್ದ ದುರ್ಗಮ್ಮ ಹೆದರಿಕೆಗೆ ತಾನಾಗಿಯೇ ಬಾಯಿಗೆ ಬಂದಳು.

“ಬಾಮ್ಮಗಾರು, ಮೊನ್ನೆ ಶಾಲೆ ಮೆಟ್ಟಿಲು ಹತ್ತೋಕೆ ನನ್ನ ಹೆಗಲು ಹಿಡ್ಕೊಂಡಿದ್ರಿ ಕದಾ,” ಎಂದ ಯಶ್ವಂತ್. “ಬೆಟ್ಟ ಹೇಗೆ ಹತ್ತುತ್ತೀರಿ? ವದ್ದು, ಬೇಡ.”

ಕ್ಲಾಸು ನಕ್ಕಿತು. ಅವಳು ಮಗಳ ವಿಷಯ ತೆಗೆದಳು, ಅದಕ್ಕೂ ಅವನು ಫೋನಿದೆಯಲ್ಲ ಎಂದ. ಹರ್ಷಿತಾಳಿಗೆ ಇದು ಆಟವಲ್ಲ ಎಂದು ಆಗಲೇ ಅನುಮಾನ ಬಂದಿರಬೇಕು, ಸೀಮೆಸುಣ್ಣ ಕೆಳಗಿಟ್ಟಳು.

“ಅಜ್ಜಿ, ನಾನು ಕೇಳಿದಾಗ ನೀವೇ ಬೇಡ ಅಂದ್ರಲ್ಲ,” ಎಂದಳು ಕನ್ನಡದಲ್ಲಿ.

“ಬ್ಯಾಡ ಅಂದ್ರೆ ಬ್ಯಾಡ ಅಂತಾನೇನವ್ವ? ದಾವಣಗೆರೆ ಯಾವಾಗ್ಲಿಂದ ಹಂಗಾಯ್ತು?”

ಹರ್ಷಿತಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ತುಳಸಮ್ಮ ಮಕ್ಕಳ ಕಡೆ ತಿರುಗಿದಳು. ಯಶ್ವಂತ್ ತಾನಾಗಿಯೇ ಎದ್ದು ಕುರ್ಚಿ ಮುಂದಕ್ಕೆ ತಳ್ಳಿದ, ಅವಳು ಅದರ ಮುರಿಯದ ಕೈಯನ್ನು ಮಾತ್ರ ಹಿಡಿದುಕೊಂಡಳು. “ಮನೇಲಿ ನಾನು ಏನಂದ್ರೂ ಹೂಂ ಅಂತಾರೆ,” ಎಂದಳು ತೆಲುಗಿನಲ್ಲಿ, ಯಾರ ಮುಖವನ್ನೂ ನೋಡದೆ. “ಇಲ್ಲಿ ನೀವು ನನ್ನ ಬಾಯಿ ನೋಡ್ತಾ ಕಾಯ್ತೀರಿ. ಅದು ನನಗೆ ಬೇಕು. ಅಲ್ಲಿ ಇನ್ನೊಬ್ಬರ ಬಾಯಿ ನೋಡ್ತೀರಿ ಅಂದ್ರೆ ನನ್ನ ಕೈಲಿ ಆಗಲ್ಲ. ಅಷ್ಟೇ, ಬೇರೆ ಕಾರಣ ಇಲ್ಲ.”

ಯಾರೂ ವದ್ದು ಅನ್ನಲಿಲ್ಲ. ತಾನು ಗೆದ್ದೆನೆಂದು ತುಳಸಮ್ಮನಿಗೆ ಅನ್ನಿಸುವಷ್ಟರಲ್ಲಿ ಸಾಯಿಪ್ರಿಯಾ ಎದ್ದು ನಿಂತಳು. ಅವತ್ತು ನಿನ್ನ ಕಾರಣ ಸರಿಯಾಗಿತ್ತು ಎಂದು ಆ ಹುಡುಗಿಗೆ ತಾನು ಹೇಳುವುದು ಬಾಕಿ ಇತ್ತು, ಹೇಳುವ ಗಳಿಗೆ ಇದೇ ಎಂದು ತಿಳಿದೂ ತುಳಸಮ್ಮ ಸುಮ್ಮನೆ ಸೆರಗು ಸರಿಮಾಡಿಕೊಂಡಳು.

“ಒಂದು ಮನೆ ಖಾಲಿ ಬಿಟ್ಟಿದ್ದೀರಿ ಬಾಮ್ಮಗಾರು,” ಎಂದಳು ಸಾಯಿಪ್ರಿಯಾ. ದನಿಯಲ್ಲಿ ಸೇಡು ಇರಲಿಲ್ಲ, ಇದ್ದಿದ್ದರೆ ಸುಲಭವಾಗುತ್ತಿತ್ತು. “ಕೋಟೇಶ್ವರಮ್ಮಗಾರು ಏನು ಹೇಳ್ತಾರೆ? ಅವರಿಗೆ ಏನು ಉತ್ತರ?”

ಹರ್ಷಿತಾ, ಅವರು ಮನಸ್ಸಿನಿಂದ ಒಪ್ಪಿದರೆ ನನ್ನದೇನೂ ಅಭ್ಯಂತರವಿಲ್ಲ, ಆದರೆ ಹೋಗಿ ಕೇಳಬೇಕಾದವರು ನೀವೇ ಅಜ್ಜಿ ಎಂದಳು.

ಸಂಜೆ ತುಳಸಮ್ಮ ಬೀದಿ ದಾಟಿದಳು. ದಾಟುವುದಕ್ಕೆ ಇರುವುದು ಒಂದು ಸ್ಕೂಟರಿನಷ್ಟು ಅಗಲ. ಅವಳಿಗೆ ಅದು ಬಂದರಿನ ಕಾಲುವೆಯಷ್ಟಾಯಿತು. ನನ್ನ ಉತ್ತರ ಎಂಬ ಮನೆಯಲ್ಲಿ ತುಂಬುವುದಕ್ಕೆ ನಡೆದಷ್ಟೂ ಮಾತು ಹುಡುಕಿದಳು. ನಿಮಗೆ ಉಬ್ಬಸ, ಅಷ್ಟು ದೂರದ ಬಸ್ಸು ಯಾಕೆ? ವಿಜಯವಾಡದ ಬಿಸಿಲಿಗೆ ಕಾಗೆಗಳು ಹಾರುತ್ತಲೇ ಬೆಂದು ಕೆಳಗೆ ಬೀಳುತ್ತವೆ. ಆ ಮಕ್ಕಳು ಕಚ್ಚುತ್ತವೆ. ಬಾಗಿಲು ತೆರೆದೇ ಇತ್ತು. ಮಂಚದ ಮೇಲೆ ಹಾಸಿಗೆಯ ಅಡಿಯಲ್ಲಿ ಒಂದು ಸೀರೆಯನ್ನು ಮಡಿಸಿಟ್ಟು ಇಸ್ತ್ರಿಯಾಗಲು ಬಿಟ್ಟಿದ್ದಳು ಕೋಟೇಶ್ವರಮ್ಮ, ಅದರ ಅಂಚು ಹೊರಗೆ ಕಾಣುತ್ತಿತ್ತು. ಪಕ್ಕದಲ್ಲಿ ಒಂದು ಹೊಸ ಚೀಲ, ಬಾಯಿ ತೆರೆದುಕೊಂಡಿತ್ತು. ಒಳಗೆ ಬಾಚಣಿಗೆ, ಮಾತ್ರೆ, ಪೇಪರಿನಲ್ಲಿ ಸುತ್ತಿದ ಚಪ್ಪಲಿ. ಸ್ಟೂಲಿನ ಮೇಲೆ ದೊಡ್ಡ ಡಬ್ಬದಲ್ಲಿ ಜಂತಿಕಲು ಎಂಬ ಇಲ್ಲಿಯ ಚಕ್ಕುಲಿ, ಬಸ್ಸಿನಲ್ಲಿ ಮಕ್ಕಳಿಗೆಂದು ಕರಿದು ಇನ್ನೂ ಆರಲು ಬಿಟ್ಟದ್ದು. ಬನ್ನಿ ವದಿನಾ, ಕೂತುಕೊಳ್ಳಿ ಎಂದು, ನೆರೆಯವಳನ್ನು ಅತ್ತಿಗೆ ಎಂದೇ ಕರೆಯುವ ಕೋಟೇಶ್ವರಮ್ಮ ಚೀಲವನ್ನು ಮಂಚದಿಂದೆತ್ತಿ ಮಡಿಲಲ್ಲಿಟ್ಟುಕೊಂಡಳು. ಯಾರೋ ಮಕ್ಕಳು ಶಾಲೆಯಿಂದ ಬರುತ್ತಾ ಸುದ್ದಿ ಹೇಳಿಯೇ ಹೋಗಿದ್ದರು.

ತುಳಸಮ್ಮ ಕಾಗೆಗಳ ಮಾತು ಎತ್ತಲಿಲ್ಲ. ನನಗೂ ಹೋಗಬೇಕು ಅನ್ನಿಸಿಬಿಟ್ಟಿದೆ ವದಿನಾ, ಎಂದಷ್ಟೇ ಹೇಳಿದಳು. ಬೇಕು ಎಂಬ ಪದ ಆ ದಿನ ಮತ್ತೊಮ್ಮೆ ಬಾಯಿಂದ ಹೊರಟು, ಅಭ್ಯಾಸವಿಲ್ಲದ ಚಪ್ಪಲಿಯಂತೆ ಕಚ್ಚಿತು.

ಕೋಟೇಶ್ವರಮ್ಮ ನಕ್ಕಳು. “ಅಯ್ಯೋ ವದಿನಾ, ಅದಕ್ಕೇನು. ನೀವೇ ಹೋಗಿ. ನನಗ್ಯಾಕೆ ಈ ವಯಸ್ಸಲ್ಲಿ ವಿಜಯವಾಡ.”

ಹೇಳಿದ ರೀತಿ ತುಳಸಮ್ಮನಿಗೆ ಎಷ್ಟು ಪರಿಚಿತವಾಗಿತ್ತೆಂದರೆ, ಆ ಮಾತು ತನ್ನ ಬಾಯಿಂದಲೇ ಬಂತೋ ಎಂದು ಒಂದು ಕ್ಷಣ ಗೊಂದಲವಾಯಿತು. ಅದೇ ಉದಾಸೀನ, ಅದೇ ಕೈ ಬೀಸು. ಆದರೆ ಇನ್ನೊಂದು ಕೈ ಚೀಲದ ಹಿಡಿಯನ್ನು ಬಿಟ್ಟಿರಲಿಲ್ಲ. ಮತ್ತೆ ಆ ಕಣ್ಣುಗಳು ಬಾಗಿಲ ಕಡೆಗೂ ನೋಡದೆ, ಸೀರೆಯ ಅಂಚಿನ ಕಡೆಗೂ ನೋಡದೆ, ತುಳಸಮ್ಮನ ಬಾಯಿಯನ್ನೇ ನೋಡುತ್ತಿದ್ದವು, ಅದು ತೆರೆಯಲಿ ಎಂದು ಉಸಿರು ಹಿಡಿದು. ಮೊದಲ ದಿನ ಒಂದೇ ಮಾತಿಗೆ ವಸ್ತಾನು ಎಂದವಳು, ಈಗ ಮನೆ ಬಾಗಿಲಿಗೆ ಬಂದು ಕೇಳಿದ ನೆರೆಯವಳ ಮುಂದೆ ಮೊಹಮಾಟಕ್ಕೆ ಸಿಕ್ಕಿಬಿದ್ದಿದ್ದಳು. ಹರ್ಷಿತಾಳಂತೆ ಸರಿ ವದಿನಾ ಎಂದುಬಿಟ್ಟರೆ ಆಯಿತು. ಯಾರೂ ತಪ್ಪು ಅನ್ನುವಂತಿಲ್ಲ, ಅವಳೇ ಬಾಯಾರೆ ಕೊಟ್ಟದ್ದು. ನಾಳೆ ಮುಂದಿನ ಸಾಲಿನಲ್ಲಿ ಬೀಗಿತ್ತಿ ಇರುತ್ತಾಳೆ, ಮಗಳು ಇರುತ್ತಾಳೆ, ಇಡೀ ಶಾಲೆ ತನ್ನ ತುಟಿ ನೋಡುತ್ತಾ ಕೂತಿರುತ್ತದೆ. ಇಲ್ಲವೇ, ಇದು ಎಷ್ಟು ದೊಡ್ಡ ಬೇಡ ಎಂದು ಅಳೆಯಬೇಕು. ಅಳೆಯುವುದು ತನಗೆ ಬರುವುದಿಲ್ಲ ಎನ್ನೋಣವೆಂದರೆ, ಅಯ್ಯೋ, ಲೋಕದಲ್ಲಿ ಇನ್ನಾವುದು ಬರದಿದ್ದರೂ ಅದೊಂದು ಬರುತ್ತದೆ.

ಒಳಗೆ ಎಣ್ಣೆಯ ವಾಸನೆ, ಬೀದಿಯಲ್ಲಿ ಯಾರದೋ ಸ್ಕೂಟರು. ಕೋಟೇಶ್ವರಮ್ಮ ಕಾಯುತ್ತಿದ್ದಳು. ತುಳಸಮ್ಮ ಬಾಯಿ ತೆರೆದಳು.

ಇಷ್ಟು ಹೊತ್ತು ಅವಳ ಜೊತೆ ಕೂತು ಸೊಪ್ಪು ಬಿಡಿಸಿದವರು ನೀವು. ಏನಂದಳು, ನೀವೇ ಹೇಳಿ ನೋಡೋಣ.